ಒಂದು ನೂಲು ಒಳಗೆ

ಡಬ್ಬದ ನೆತ್ತಿಯಲ್ಲಿ ಎರಡೇ ಫ್ಯಾನಿಗೆ ಜಾಗ.
ಕೊರಿಯರಿನಲ್ಲಿ ಬಂದ ರೇಡಿಯೇಟರು ಮೂರು ಫ್ಯಾನಿನದು.
ಅಳತೆ ನೋಡದೆ ತರಿಸಿದ್ದಲ್ಲ, ನೋಡಿಯೇ ತರಿಸಿದ್ದು.
ಮಾಘದ ಮುಹೂರ್ತಗಳೆಲ್ಲ ಒಟ್ಟಿಗೆ ಬಿದ್ದು
ಹನ್ನೊಂದು ಮದುವೆ ಎಡಿಟಿಂಗಿಗೆ ಕಾದು ಕೂತಿವೆ.
ಮಾಂಗಲ್ಯದ ಹೊತ್ತಿಗೆ ಸರಿಯಾಗಿ
ತೊಂಬತ್ತೆಂಟು ಡಿಗ್ರಿ ಮುಟ್ಟಿ
ಕಂಪ್ಯೂಟರ್ ಕಣ್ಣು ಮುಚ್ಚುತ್ತದೆ.
ಎಷ್ಟು ಸಲ ಅಂತ ಒಬ್ಬ ಹುಡುಗಿಯನ್ನು
ಅರ್ಧ ಕಟ್ಟಿದ ತಾಳಿಯಲ್ಲಿ ನಿಲ್ಲಿಸಲಿ?

ಹಳೇ ದುಪ್ಪಟಿಯಲ್ಲಿ ಸುತ್ತಿ, ಸ್ಕೂಟಿಯ ಕಾಲ ಬಳಿ ಇಟ್ಟುಕೊಂಡು
ಚಾಂದ್‌ಪೀರರ ಶೆಡ್ಡಿಗೆ ಹೋದೆ.
ಶಿಡ್ಲಘಟ್ಟದಲ್ಲಿ ತಗಡು ಕೊಯ್ಯುವವರು ಬೇಕಾದಷ್ಟಿದ್ದಾರೆ.
ಆದರೆ ನೂಲು ಬಿಚ್ಚುವ ಬೇಸಿನ್ನುಗಳನ್ನು
ಮೂವತ್ತು ವರ್ಷ ರಿಪೇರಿ ಮಾಡಿದ ಕೈಗೆ
ನೀರು ಎಲ್ಲಿ ಸೋರುತ್ತದೆಂದು ಮೊದಲೇ ಗೊತ್ತು.
ಶೆಡ್ಡಿನ ತುಂಬ ಬೆಂದ ಹುಳದ ವಾಸನೆ.
ಹೊಸಬರು ಮೂಗು ಮುಚ್ಚುತ್ತಾರೆ. ನಮಗೆ ಅದು ಬೆಳಗಾಯಿತು ಅಂತ.

ಮಗುಚಿ, ತಟ್ಟಿ, ಕೇಳಿದರು:
"ಕರೆಂಟಿರೋ ಕಡೆ ನೀರು ಯಾಕಮ್ಮಾ?"
ಆರಿಸೋಕೆ, ಎಂದೆ.
ನಕ್ಕರು. "ನಮಗೆ ನೀರು ಕುದ್ರೆ ಅನ್ನ.
ನಿಮಗೆ ಆರಿದ್ರೆ."

ಮೂರನೇ ಫ್ಯಾನಿಗೆ ಅಡ್ಡ ಇದ್ದದ್ದು ಡಿವಿಡಿಯ ಗೂಡು.
ಎಂಟು ರಿವೆಟ್ಟು. ಒಂದೊಂದರ ತಲೆ ಹಾರಿಸಿ
ಈಚೆ ಎಳೆದು, ಪಿನ್ನು ಚುಚ್ಚಿ ಬಾಯಿ ತೆಗೆಸಿದರೆ
ಒಳಗೊಂದು ಡಿಸ್ಕು.
ನೀಲಿ ಮಾರ್ಕರು, ನನ್ನದೇ ಅಕ್ಷರ:
ದಿಬ್ಬೂರಹಳ್ಳಿ ಪಾರ್ಟಿ, ಭಾಗ ಎರಡು, ಬಾಕಿ ಎರಡೂವರೆ ಸಾವಿರ.
ಅವರು ಬರಲೇ ಇಲ್ಲ.
ಫೋನು ಮೊದಮೊದಲು ನಾಳೆ ಅಂತಿತ್ತು,
ಆಮೇಲೆ ಬೇರೆ ಯಾರದೋ ಆಯಿತು.
ಭಾಗ ಒಂದು ಎಲ್ಲಿ ಹೋಯಿತೋ.

ಕೈವಾರ ಹುಡುಕಿದರು, ಸಿಗಲಿಲ್ಲ.
ನನ್ನ ಕೈಯಿಂದ ಡಿಸ್ಕು ತೆಗೆದುಕೊಂಡು
ಟೇಪು ಹಿಡಿದರು. ನೂರಿಪ್ಪತ್ತು ಮಿಲಿಮೀಟರು.
ಫ್ಯಾನೂ ಅಷ್ಟೇ.
ಹದಿನೈದು ವರ್ಷ ಎರಡನ್ನೂ ಮುಟ್ಟಿದ್ದೇನೆ,
ಹೊಳೆದಿರಲಿಲ್ಲ.
"ಗೀಚಿಹೋಗುತ್ತೆ, ಪರವಾಗಿಲ್ವಾ?"

ಆರತಕ್ಷತೆಯ ಲೈಟುಗಳ ಕೆಳಗೆ ಬೆವರೊರೆಸಿಕೊಳ್ಳಲು
ಆ ಹುಡುಗಿ ನನ್ನ ಕರ್ಚೀಫು ಇಸಿದುಕೊಂಡಿದ್ದಳು.
ವಾಪಸು ಕೊಟ್ಟಿಲ್ಲ.
ಹೂಂ, ಎಂದೆ.

ಮೊಳೆ ತುದಿಯಲ್ಲಿ ಸುತ್ತ ಗೀಟೆಳೆದರು.
"ಗೀಟಿನ ಮೇಲೇ ಕೊಯ್ಯಬಾರದು. ಒಂದು ನೂಲು ಒಳಗೆ.
ಆಮೇಲೆ ಅರ ಹಾಕ್ತಾ ಹಾಕ್ತಾ ಹೊರಗೆ ಬರಬಹುದು.
ಹೊರಗೆ ಹೋದದ್ದು ಒಳಗೆ ಬರಲ್ಲ."
ಗ್ರೈಂಡರಿನ ಕಿಡಿ ನಿಂತ ಮೇಲೆ
ಸೈಕಲ್ಲಿನ ವಾಲ್‌ಟ್ಯೂಬು ಸೀಳಿ ಅಂಚಿಗೆ ತೊಡಿಸಿದರು,
ಪೈಪಿಗೆ ಗಾಯವಾಗದ ಹಾಗೆ.

ನೀರು ಬ್ಯಾಟರಿ ಅಂಗಡಿಯದು, ಎರಡು ಕ್ಯಾನು.
ನಮ್ಮ ಬೋರಿನ ನೀರು ಇದಕ್ಕಾಗದು,
ಕಾಯಿಸಿದ ಪಾತ್ರೆಯ ತಳ ನೋಡಿದರೆ ಸಾಕು,
ಸುಣ್ಣ ಬಳಿದ ಗೋಡೆ.
ರಾತ್ರಿಯಿಡೀ ಪಂಪೊಂದನ್ನೇ ಓಡಿಸಿ
ಯಾರದೋ ಬೀಗರೂಟದಲ್ಲಿ ಉಳಿದ ಟಿಶ್ಯೂ ಕಾಗದ
ಪ್ರತಿ ಜಾಯಿಂಟಿನ ಕೆಳಗೆ ಇಟ್ಟು
ಗಂಟೆಗೊಮ್ಮೆ ಮುಟ್ಟಿದೆ.
ಒಣಗಿದೆ. ಒಣಗಿದೆ.
ಒಂದು ಕಡೆ ತೇವ.
ನನ್ನ ಬೆರಳಿನದೇ.

ಗೂಡಿನ ಮಾರುಕಟ್ಟೆಗೆ ಹೋಗುತ್ತ ಚಾಂದ್‌ಪೀರ್ ಇಣುಕಿದರು.
ಪರದೆಯ ಮೇಲೆ ಅರವತ್ತೆಂಟು. ಅವರು ಅದನ್ನು ನೋಡಲಿಲ್ಲ.
ಪೈಪನ್ನು ಎರಡು ಬೆರಳಲ್ಲಿ ಹಿಡಿದು
ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು.
"ಈ ಹದಕ್ಕೆ ಗೂಡು ನೂಲು ಬಿಡಲ್ಲ."
ಹೊಗಳಿದರೋ ಬೈದರೋ.
ಟೀ ಕುಡಿದರು, ಇನ್ನೂರೈವತ್ತು ತೆಗೆದುಕೊಂಡರು.

ಮೇಲಿನ ಮುಚ್ಚಳ ಕೂರುವುದಿಲ್ಲ, ಎರಡು ಬೆರಳು ಎದ್ದಿದೆ. ಇರಲಿ.
ಏಳು ಮದುವೆ ಮುಗಿದವು.
ಆ ಡಿಸ್ಕು ಮೇಜಿನ ಮೇಲಿದೆ, ಓದಲು ಇನ್ನು ಗೂಡಿಲ್ಲ.
ಮೂರನೇ ಫ್ಯಾನಿನ ಮೇಲೆ ಅಂಗೈ ಹಿಡಿದರೆ
ಬೆಚ್ಚನೆ ಗಾಳಿ ಬರುತ್ತದೆ,
ದಿಬ್ಬೂರಹಳ್ಳಿಯ ಆ ಮದುವೆಯಷ್ಟೇ ಅಗಲ,
ಸುತ್ತಲೂ ಒಂದು ನೂಲು ಕಡಿಮೆ.